ಪೋಸ್ಟರಿನಲ್ಲಿದ್ದ ತಾರೀಖು

ರೇಡಿಯೋದಲ್ಲಿ ನನ್ನದು ಸಂಜೆಯ ಕಾರ್ಯಕ್ರಮ. ಹೆಸರು ‘ಇಂದು ಮೊದಲ ಸಲ’. ಯಾವ ಹಾಡು, ಯಾವ ವಾದ್ಯಸಂಗೀತ, ಯಾವ ಸಂಗೀತ ನಾಟಕ ಇದೇ ತಾರೀಖಿನಂದು ಜನರ ಕಿವಿಗೆ ಮೊದಲ ಸಲ ಬಿತ್ತು ಎಂದು ಹೇಳುವುದು, ಅದರ ಒಂದು ತುಣುಕು ಹಾಕುವುದು, ಆಮೇಲೆ ಸುದ್ದಿಗೆ ಜಾಗ ಬಿಡುವುದು. ಕೆಲಸ ಇಷ್ಟೇ. ಇಷ್ಟಕ್ಕೇ ಆಫೀಸಿನಲ್ಲಿ ನನಗೆ ತಾರೀಖಮ್ಮ ಎಂದು ಹೆಸರಿಟ್ಟಿದ್ದಾರೆ. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ, ನನ್ನ ಬಾಯಿ ಎಂಥದ್ದು ಎಂದು ಎಲ್ಲರಿಗೂ ಗೊತ್ತು. ಹಿಂದಿನಿಂದ ಏನು ಬೇಕಾದರೂ ಕರೆದುಕೊಳ್ಳಲಿ, ನನ್ನ ಗಂಟೇನು ಹೋಗುತ್ತದೆ?

ಆದರೆ ಈ ಕೆಲಸದ ರುಚಿ ಹತ್ತಿದವರಿಗೇ ಗೊತ್ತು. ಸ್ಟುಡಿಯೋದ ದಪ್ಪ ಬಾಗಿಲು ಮುಚ್ಚಿತೆಂದರೆ ಹೊರಗಿನ ಬಸ್ಸಿಲ್ಲ, ಹಾರನ್ನಿಲ್ಲ, ಕಾರಿಡಾರಿನಲ್ಲಿ ಹರಟುವವರ ಗದ್ದಲವಿಲ್ಲ. ಗೋಡೆಗೆಲ್ಲ ಬೂದು ಬಟ್ಟೆ, ಮೇಜಿನ ಮೇಲೊಂದು ದೀಪ. ಕೆಂಪು ಲೈಟು ಹತ್ತಿದ ಕೂಡಲೇ ನನಗೆ ವರ್ಷಗಳ ಲೆಕ್ಕ ತಪ್ಪಿಹೋಗುತ್ತದೆ. ಒಂದು ತಾರೀಖು ಎಂದರೆ ಒಂದು ಉದ್ದನೆಯ ಹಜಾರ, ಅದರಲ್ಲಿ ಎಲ್ಲ ಕಾಲದ ಜನ ಒಟ್ಟಿಗೆ ಕೂತಿದ್ದಾರೆ. ಮೇಣದ ಬತ್ತಿಯ ಬೆಳಕಿನಲ್ಲಿ ಬೀಸಣಿಗೆ ಬೀಸಿಕೊಳ್ಳುವ ಹೆಂಗಸರು. ಅವರ ಪಕ್ಕದಲ್ಲೇ, ಹೊಸ ರೆಕಾರ್ಡಿಗಾಗಿ ಅಂಗಡಿಯ ಮುಂದೆ ಬೆಳಗಿನಿಂದ ನಿಂತು ಕಾಲು ನೋಯಿಸಿಕೊಂಡ ಹುಡುಗಿಯರು. ಅವರ ಹಿಂದೆ, ಹೊಸ ಸಂಗೀತ ಹಿಡಿಸದಿದ್ದರೆ ಶಿಳ್ಳೆ ಹೊಡೆದು ನುಡಿಸುವವರನ್ನು ಎಬ್ಬಿಸಿಬಿಡೋಣ ಎಂದು ಸಜ್ಜಾಗಿ ಬಂದ ಗಂಡಸರು. ಎಲ್ಲರೂ ಗಂಟಲು ಸರಿಮಾಡಿಕೊಂಡು ಸುಮ್ಮನಾಗುತ್ತಾರೆ. ಯಾರೂ ಕೇಳದ ಹಾಡೊಂದು ಇನ್ನೇನು ಶುರುವಾಗಬೇಕು. ಆ ಗಳಿಗೆಗಾಗಿಯೇ ನಾನು ಇಷ್ಟು ವರ್ಷ ಈ ಕುರ್ಚಿ ಬಿಟ್ಟು ಎದ್ದಿಲ್ಲ.

ನನ್ನ ಅಪ್ಪ ಇದೇ ರೇಡಿಯೋದ ವಾದ್ಯವೃಂದದಲ್ಲಿ ಪಿಟೀಲು ನುಡಿಸಿ ನಿವೃತ್ತನಾದವನು. ಮದುವೆಗೆ ಮುಂಚೆ ತನ್ನದೇ ಒಂದು ಕೃತಿ ಬರೆದಿದ್ದ, ಬರೀ ತಂತಿವಾದ್ಯಗಳಿಗೆ. ‘ಮೆಟ್ಟಿಲ ಮೇಲಿನ ಸಂಜೆ’ ಎಂದು ಹೆಸರು. ಅದರ ಮೊದಲ ಪ್ರದರ್ಶನದ ಕಥೆ ನಮ್ಮ ಮನೆಗೆ ಬಂದುಹೋಗುವವರಿಗೆಲ್ಲ ಬಾಯಿಪಾಠ. ಆದರೂ ಹೇಳುತ್ತೇನೆ, ಕೇಳಿ.

ಆಗ ಅಪ್ಪನಿಗೆ ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ. ಗೆಳೆಯರನ್ನು ಕಾಡಿ ಬೇಡಿ ಒಂದು ಪುಟ್ಟ ವಾದ್ಯವೃಂದ ಕಟ್ಟಿದ, ಹಾಲ್ ಬಾಡಿಗೆಗೆ ಹಿಡಿದ, ಪೋಸ್ಟರ್ ಅಚ್ಚಿಗೆ ಕೊಟ್ಟ. ಅಚ್ಚಾಗುವ ಮುಂಚೆ ತಿದ್ದಿಕೊಡಲು ಕರಡು ಬಂತು. ಬಂದದ್ದೇ ತಡ, ಜಗಳ ಶುರು. ಮೊದಲ ಪಿಟೀಲಿನವನ ಹೆಸರು ಮೇಲೆ ಬರಬೇಕೋ, ಚೆಲ್ಲೋ ಎಂಬ ದೊಡ್ಡ ಪಿಟೀಲಿನವನ ಹೆಸರು ಮೇಲೆ ಬರಬೇಕೋ? ಒಬ್ಬ ಮುಖ ಊದಿಸಿಕೊಂಡು ಮೂಲೆ ಸೇರಿದ, ಇನ್ನೊಬ್ಬ ವಾದ್ಯವನ್ನು ಪೆಟ್ಟಿಗೆಗೆ ಹಾಕಿಕೊಂಡು ಹೊರಟೇಬಿಟ್ಟ. ಅವನನ್ನು ಕೈಕಾಲು ಹಿಡಿದು ಕರೆತಂದು, ಕೊನೆಗೆ ಎಲ್ಲರ ಹೆಸರನ್ನೂ ಗಡಿಯಾರದ ಅಂಕಿಗಳ ಹಾಗೆ ದುಂಡಗೆ ಹಾಕಿಸಿ ಸಮಾಧಾನ ಮಾಡಿದರು. ಆ ಕರಡನ್ನು ಅಷ್ಟೊಂದು ಜನ ಅಷ್ಟೊಂದು ಸಲ ನೋಡಿದರು, ನೋಡಿದ್ದೆಲ್ಲ ತಂತಮ್ಮ ಹೆಸರನ್ನು. ತಾರೀಖು ಒಂದು ದಿನ ಮುಂದಕ್ಕೆ ಬಿದ್ದಿದೆ ಎಂಬುದು ಒಬ್ಬನ ಕಣ್ಣಿಗೂ ಬೀಳಲಿಲ್ಲ. ವಾದ್ಯದವರೆಂದರೆ ಇಷ್ಟೇ. ಇವರ ನಡುವೆಯೇ ಹುಟ್ಟಿ ಬೆಳೆದವಳು ನಾನು, ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹೀಗಾಗಿ ಹಾಲ್ ಹಿಡಿದಿದ್ದ ಸಂಜೆ ಒಬ್ಬರೂ ಬರಲಿಲ್ಲ. ಕಾದರು, ಇಣುಕಿದರು, ಮತ್ತೆ ಕಾದರು. ಬಾಡಿಗೆ ಕೊಟ್ಟಾಗಿದೆ, ಕೋಟು ಇಸ್ತ್ರಿ ಮಾಡಿಸಿಯಾಗಿದೆ, ನುಡಿಸಿಯೇಬಿಡೋಣ ಎಂದು ಖಾಲಿ ಕುರ್ಚಿಗಳ ಮುಂದೆ ನುಡಿಸಿದರು. ಹಾಲಿನ ಕಾವಲುಗಾರ ಒಬ್ಬನಿದ್ದ, ಅವನೂ ಗೊರಕೆ ಹೊಡೆಯುತ್ತಿದ್ದನಂತೆ. ಮಾರನೆಯ ಸಂಜೆ, ಪೋಸ್ಟರನ್ನು ನಂಬಿದ ಜನ ಬಂದರು. ಸಾಲು ಬೀದಿಯ ತಿರುವಿನವರೆಗೆ ಇತ್ತು. ಹಾಲಿನ ಒಳಗೆ ಆ ದಿನ ನಾಯಿಗಳ ಪ್ರದರ್ಶನ. ವಾದ್ಯದವರಲ್ಲಿ ಅರ್ಧ ಜನ ಬೆಳಗಿನ ರೈಲಿಗೇ ಊರು ಬಿಟ್ಟಿದ್ದರು.

ಅಪ್ಪ ಎದುರಿನ ಫುಟ್‌ಪಾತಿನಲ್ಲಿ ಪಿಟೀಲಿನ ಪೆಟ್ಟಿಗೆ ಅವುಚಿಕೊಂಡು ಆ ಸಾಲನ್ನು ನೋಡುತ್ತ ನಿಂತಿದ್ದ. ಸಾಲಿನಿಂದ ಒಬ್ಬ ಹುಡುಗಿ ದಡಬಡ ರಸ್ತೆ ದಾಟಿ ಬಂದಳು.

“ರೀ, ಪೆಟ್ಟಿಗೆ ನೋಡಿದ್ರೆ ನೀವೂ ಅವರ ಪೈಕೀನೇ ಇರ್ಬೇಕು. ಸಂಗೀತ ಅಂತ ಕರೆದು ನಾಯಿ ತೋರಿಸ್ತೀರಲ್ಲ, ನಾಚಿಕೆ ಆಗಲ್ವಾ ನಿಮಗೆ?” ಎಂದು ಬೀದಿಯಲ್ಲೇ ಜಾಡಿಸಿದಳು.

ಆ ಹುಡುಗಿಯೇ ನನ್ನ ಅಮ್ಮ. ನನ್ನ ಬಾಯಿ ಎಲ್ಲಿಂದ ಬಂದದ್ದು ಎಂದು ಈಗ ಗೊತ್ತಾಯಿತಲ್ಲ.

ಮದುವೆಯಾಗಿ, ಸಂಸಾರ ಮಾಡಿ, ನನ್ನನ್ನು ದೊಡ್ಡವಳನ್ನಾಗಿ ಮಾಡಿ ಅಮ್ಮ ತೀರಿಕೊಂಡಳು. ಆ ಕೃತಿಯನ್ನು ಅವಳು ಕೇಳಲೇ ಇಲ್ಲ. ಅಷ್ಟು ಜನ ವಾದ್ಯದವರನ್ನು ಇನ್ನೊಮ್ಮೆ ಸೇರಿಸುವುದು ಅಪ್ಪನ ಕೈಲಿ ಆಗಲಿಲ್ಲ. ಮನೆಯಲ್ಲಿ ಅವಳಿಗೆ ತನ್ನ ಪಾಲಿನದ್ದನ್ನಷ್ಟೇ ನುಡಿಸಿ ತೋರಿಸುತ್ತಿದ್ದ. “ಇದು ಒಂದು ಗೋಡೆ ಅಷ್ಟೇ ಕಣೇ, ಮನೆ ಅಲ್ಲ” ಎನ್ನುತ್ತಿದ್ದ. ಅಪ್ಪನೂ ಅದನ್ನು ಸರಿಯಾಗಿ ಕೇಳಿರಲಿಲ್ಲ. ನಡುವೆ ಕೂತು ನುಡಿಸುವವನಿಗೆ ಪಕ್ಕದವನ ವಾದ್ಯ ಕೇಳುತ್ತದೆ, ತನ್ನ ಎದೆಬಡಿತ ಕೇಳುತ್ತದೆ. ಎದುರು ಕೂತವರಿಗೆ ಅದೆಲ್ಲ ಸೇರಿ ಏನಾಗುತ್ತದೆ ಎಂಬುದು ಅವನಿಗೆ ಹೇಗೆ ಗೊತ್ತಾಗಬೇಕು? “ನಾನು ಬರೆದದ್ದು ಚೆನ್ನಾಗಿದೆಯೋ ಇಲ್ಲವೋ, ನನಗೇ ಗೊತ್ತಿಲ್ಲ ನೋಡು” ಎಂದು ನಗುತ್ತಿದ್ದ. ಆ ನಗು ನನಗೆ ಯಾವತ್ತೂ ಪೂರ್ತಿ ನಗುವಾಗಿ ಕಂಡಿರಲಿಲ್ಲ.

ನನ್ನ ಕಾರ್ಯಕ್ರಮ ಶುರುವಾದ ಮೇಲೆ ಅವನಿಗೆ ನನ್ನನ್ನು ಕೆಣಕಲು ಒಂದು ನೆಪ ಸಿಕ್ಕಿತು.

“ಊರಿನವರದ್ದೆಲ್ಲ ಹಾಕ್ತೀಯ. ಹೆತ್ತ ಅಪ್ಪಂದು ಬೇಡ್ವಾ?”

“ಯಾವ ತಾರೀಖಿಗೆ ಹಾಕ್ಲಿ ಹೇಳು? ನುಡಿಸಿದ ದಿನ ಕೇಳೋರಿರ್ಲಿಲ್ಲ, ಕೇಳೋರಿದ್ದ ದಿನ ನೀನು ನುಡಿಸ್ಲಿಲ್ಲ.”

“ಹಾಗಾದ್ರೆ ಅದು ಇನ್ನೂ ಹುಟ್ಟೇ ಇಲ್ಲ ಅನ್ನು.”

“ಹುಟ್ಟಿಲ್ಲ. ಏನೀಗ?”

ಇಬ್ಬರೂ ನಗುತ್ತಿದ್ದೆವು. ನಗದೆ ಇನ್ನೇನು ಮಾಡುವುದು?

ಹೋದ ವರ್ಷದ ಕೊನೆಗೆ ಅಪ್ಪನ ಕಿವಿ ಮಂದವಾಗತೊಡಗಿತು. ಕರೆದರೆ ತಿರುಗುತ್ತಿರಲಿಲ್ಲ. ಬಾಗಿಲು ಬಡಿದರೆ ತೆರೆಯುತ್ತಿರಲಿಲ್ಲ. ಕಿವಿಯ ಡಾಕ್ಟರು ಪರೀಕ್ಷೆಗಳನ್ನೆಲ್ಲ ಮಾಡಿ, ಕಿವಿಗೆ ಹಾಕಿಕೊಳ್ಳುವ ಮಷೀನು ಕೊಟ್ಟು, ನನ್ನನ್ನು ಬೇರೆ ಕೋಣೆಗೆ ಕರೆದು, “ಸ್ವಲ್ಪ ಸ್ವಲ್ಪವಾಗಿ ಹೋಗ್ತಾ ಇದೆ. ವಾಪಸ್ ಬರೋದಲ್ಲ. ಏನಾದ್ರೂ ಕೇಳಿಸ್ಬೇಕು ಅಂತಿದ್ರೆ ಈಗಲೇ ಕೇಳಿಸಿ” ಎಂದರು. ಮೆಟ್ಟಿಲಿಳಿಯುವಾಗ ಕೈಹಿಡಿಕೆ ಹಿಡಿದುಕೊಂಡದ್ದು ಅಪ್ಪನಲ್ಲ, ನಾನು. ಅಪ್ಪ ಒಂದು ಸಲ, ಒಂದೇ ಒಂದು ಸಲ, ಎದುರಿನ ಕುರ್ಚಿಯಲ್ಲಿ ಕೂತು ತನ್ನ ಸಂಗೀತವನ್ನು ಪೂರ್ತಿ ಕೇಳಬೇಕು. ಕಿವಿ ಮುಚ್ಚಿಕೊಳ್ಳುವ ಮುಂಚೆ ಕೇಳಬೇಕು. ಆವತ್ತಿನಿಂದ ನನಗೆ ಇನ್ನೊಂದು ಯೋಚನೆ ಇರಲಿಲ್ಲ.

ನಮ್ಮ ನಿರ್ದೇಶಕರ ಕೋಣೆಗೆ ನೇರವಾಗಿ ನುಗ್ಗಿದೆ. ಪೋಸ್ಟರಿನಲ್ಲಿದ್ದ ತಾರೀಖು ಹತ್ತಿರ ಬರುತ್ತಿದೆ, ಆ ಸಂಜೆಯ ಕಾರ್ಯಕ್ರಮದಲ್ಲಿ ನಮ್ಮ ವಾದ್ಯವೃಂದದಿಂದ ನೇರಪ್ರಸಾರ ಮಾಡಿಸಿ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಬೇಡ ಅನ್ನುವ ಮುಂಚೆ ಅವರು ಮಾಡುವುದು ಇದನ್ನೇ.

“ನೋಡಿ ಮೇಡಂ, ನಿಮ್ಮ ಕಾರ್ಯಕ್ರಮ ಆಗಿಹೋದದ್ದಕ್ಕೆ. ಆಗದೇ ಹೋದದ್ದಕ್ಕಲ್ಲ.”

“ಸಾರ್, ಆವತ್ತು ಜನ ಬಂದಿದ್ರು. ಬೀದಿ ತುಂಬ ನಿಂತಿದ್ರು. ಅದು ಆಗಿಹೋದದ್ದೇ ಅಲ್ವಾ? ಸಂಗೀತ ಒಂದು ಬಾಕಿ ಇದೆ, ಅಷ್ಟೇ.”

“ನಾಳೆ ಎಲ್ಲರೂ ತಮ್ಮ ಅಪ್ಪಂದು, ಮಾವಂದು ಅಂತ ಬರ್ತಾರೆ.”

“ಬರ್ಲಿ. ಪೋಸ್ಟರ್ ತಪ್ಪಾಗಿ ನಾಯಿ ನೋಡ್ಕೊಂಡು ಹೋದವರು ಇನ್ನೂ ಯಾರಾದ್ರೂ ಇದ್ರೆ ಅವರದ್ದೂ ಹಾಕೋಣ.”

“ನಾಯಿ?” ಎಂದರು ಅವರು.

ಕಥೆ ಹೇಳಿದೆ. ಹೆಸರುಗಳನ್ನು ದುಂಡಗೆ ಹಾಕಿಸಿದ್ದು ಬರುವ ಹೊತ್ತಿಗೆ ಅವರು ಮೇಜಿಗೆ ತಲೆಕೊಟ್ಟು ನಗುತ್ತಿದ್ದರು. ಆ ಮನುಷ್ಯ ಹಾಗೆ ನಕ್ಕದ್ದನ್ನು ನಾನು ಮತ್ತೆ ಕಂಡಿಲ್ಲ. ಕಣ್ಣೊರೆಸಿಕೊಂಡು, “ಆಯ್ತು, ಹಾಳಾಗಿ ಹೋಗ್ಲಿ, ಮಾಡಿ” ಎಂದರು.

ಅಪ್ಪನಿಗೆ ಹೇಳಿದಾಗ ಅವನು ನನ್ನ ಮುಖವನ್ನೇ ನೋಡುತ್ತ ತುಂಬ ಹೊತ್ತು ಕೂತ. ಕೇಳಿಸಲಿಲ್ಲವೇನೋ ಎಂದು ಜೋರಾಗಿ ಇನ್ನೊಮ್ಮೆ ಹೇಳಿದೆ.

“ಕಿರುಚಬೇಡವೇ, ಕೇಳಿಸ್ತು” ಎಂದ. ಎದ್ದುಹೋಗಿ ಅಟ್ಟದ ಪೆಟ್ಟಿಗೆಯಿಂದ ಸ್ವರದ ಹಾಳೆಗಳನ್ನು ತಂದು ನನ್ನ ಮಡಿಲಿಗೆ ಹಾಕಿದ. ಅಂಚೆಲ್ಲ ಕಂದು ಬಣ್ಣಕ್ಕೆ ತಿರುಗಿತ್ತು. ವಾದ್ಯವೃಂದವನ್ನು ನಡೆಸುವ ನಮ್ಮ ಮೇಷ್ಟ್ರು ಅವುಗಳನ್ನು ಹೊಸದಾಗಿ ಬರೆಸಿ, ಎಲ್ಲರ ಕೈಗೂ ಕೊಟ್ಟು ಅಭ್ಯಾಸ ಶುರುಮಾಡಿದರು. ಅಭ್ಯಾಸ ನೋಡಲು ಬಾ ಎಂದು ಅಪ್ಪನನ್ನು ಎಷ್ಟು ಕರೆದರೂ ಬರಲಿಲ್ಲ.

“ಮುಂಚೇನೇ ಕೇಳಿಬಿಟ್ರೆ ಮೊದಲ ಸಲ ಹೇಗಾಗುತ್ತೆ?” ಎಂದ.

ಹೌದಲ್ಲ, ಈ ಮುದುಕನಿಗೆ ನನಗಿಂತ ಶಿಸ್ತು ಜಾಸ್ತಿ ಎಂದುಕೊಂಡು ಸುಮ್ಮನಾದೆ. ಕುಣಿದಾಡಿದ್ದೆಲ್ಲ ನಾನೇ. ಊಟ ಮಾಡುವಾಗ ಒಂದು ಮಾತು, ಬಸ್ಸಿನಲ್ಲಿ ಒಂದು ಮಾತು, ಎಲ್ಲವೂ ಅದರದ್ದೇ. ಅಪ್ಪ ಹೂಂ ಹೂಂ ಎನ್ನುತ್ತಿದ್ದ.

ಆ ದಿನ ಬೆಳಗಿನ ಪ್ರಸಾರದಲ್ಲಿ ಒಂದು ಮಾತು ಸೇರಿಸಿದ್ದೆ. ಬಹಳ ವರ್ಷಗಳ ಹಿಂದೆ ಇದೇ ತಾರೀಖಿನಂದು ಸಂಗೀತ ಕೇಳಲು ಬಂದು ನಾಯಿ ನೋಡಿಕೊಂಡು ಹೋದವರು ಯಾರಾದರೂ ಇದ್ದರೆ ಸಂಜೆ ನಮ್ಮ ದೊಡ್ಡ ಸ್ಟುಡಿಯೋಗೆ ಬನ್ನಿ ಎಂದಿದ್ದೆ. ಯಾರು ಬರುತ್ತಾರೆ ಎಂದುಕೊಂಡಿದ್ದೆ. ಬಂದರು. ನಡೆಗೋಲು ಊರಿಕೊಂಡ ಗಂಡಹೆಂಡತಿ ಬಂದರು. ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್ ಬಂದ. ತುಟಿಗೆ ಬಣ್ಣ ಹಚ್ಚಿಕೊಂಡ ಒಬ್ಬ ಮುದುಕಿ ಮುಂದಿನ ಸಾಲಿನಲ್ಲೇ ಕೂತು, “ನಾನು ಆವತ್ತು ನಾಯಿ ನೋಡೋಕೇ ಬಂದಿದ್ದೆ ಕಣಮ್ಮ. ಆ ಸಾಲಿನವರು ಯಾಕೆ ಅಷ್ಟು ಸಿಡಿಮಿಡಿ ಅಂತಿದ್ರು ಅಂತ ಇವತ್ತು ಗೊತ್ತಾಯ್ತು” ಎಂದಳು.

ಅಪ್ಪ ಹಳೆಯ ಕೋಟು ಹಾಕಿಕೊಂಡು ಬಂದಿದ್ದ. ಅವನನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿ ನಾನು ಗಾಜಿನ ಆಚೆಗಿನ ನನ್ನ ಪುಟ್ಟ ಕೋಣೆಗೆ ಹೋದೆ. ಕೆಂಪು ಲೈಟು ಹತ್ತಿತು. ಆ ತಾರೀಖಿನ ಬಾಕಿ ಸಂಗತಿಗಳನ್ನು ಹೇಳಿದೆ: ಮೊದಲ ದಿನ ಬೇಡವೆಂದು ಶಿಳ್ಳೆ ಹೊಡೆಸಿಕೊಂಡು ಆಮೇಲೆ ಲೋಕವೆಲ್ಲ ಗುನುಗಿದ ಒಂದು ಸಂಗೀತ ನಾಟಕ, ಬಿಡುಗಡೆಯಾದ ದಿನವೇ ಅಂಗಡಿಗಳಲ್ಲಿ ಮುಗಿದುಹೋದ ಒಂದು ರೆಕಾರ್ಡು. ಆಮೇಲೆ, “ಇದೇ ದಿನ ಕೆಲವರು ಒಂದು ಹಾಲಿನ ಮುಂದೆ ಕಾದರು. ಅವರಿಗೆ ಕೊಡಬೇಕಾದದ್ದನ್ನು ಈಗ ಕೊಡುತ್ತಿದ್ದೇವೆ” ಎಂದೆ. ಮೇಷ್ಟ್ರು ಕೈ ಎತ್ತಿದರು.

ನನಗೆ ಆಗ ಕಂಡದ್ದನ್ನು ಹೇಳಿದರೆ ನೀವು ನಗಬಹುದು. ನಗಿ, ಪರವಾಗಿಲ್ಲ. ಸ್ಟುಡಿಯೋದ ಬಾಗಿಲು ಮುಚ್ಚಿತ್ತು. ಆದರೂ ಆ ಬೀದಿಯ ಸಾಲು ಪೂರ್ತಿಯಾಗಿ ಒಳಗೆ ಬರುತ್ತಿತ್ತು. ಕೊಡೆ ಮಡಚಿಕೊಂಡವರು, ಮಕ್ಕಳ ಕೈ ಹಿಡಿದವರು, ಒಬ್ಬರ ಕಾಲು ಒಬ್ಬರು ತುಳಿದು ಕ್ಷಮಿಸಿ ಎಂದವರು ಎಲ್ಲರೂ ಗೋಡೆಯ ಬೂದು ಬಟ್ಟೆಗೆ ಒರಗಿ ನಿಂತರು. ಮೇಣದ ಬತ್ತಿಯ ಕಾಲದ ಹೆಂಗಸರು ಅವರಿಗೆ ಜಾಗ ಬಿಟ್ಟರು. ಕೊನೆಗೆ ಅಮ್ಮ ಬಂದಳು, ನನಗಿಂತ ಎಷ್ಟೋ ಚಿಕ್ಕವಳು, ಸಿಟ್ಟಿನಿಂದ ಕೆನ್ನೆ ಕೆಂಪಾದವಳು. ಖಾಲಿ ಕುರ್ಚಿಯೊಂದು ಇದ್ದರೂ ಕೂರದೆ ನಿಂತೇ ಕೇಳಿದಳು. ಸಂಗೀತ ನಡೆದಷ್ಟು ಹೊತ್ತು ಅವಳು ಹೋಗಲಿಲ್ಲ.

ಗಾಜಿನ ಆಚೆ ಅಪ್ಪ ಮುಂದಕ್ಕೆ ಬಾಗಿ ಕೂತಿದ್ದ. ಅವನ ಕಣ್ಣು ಒಂದು ಪಿಟೀಲಿನಿಂದ ಇನ್ನೊಂದಕ್ಕೆ, ಅಲ್ಲಿಂದ ಪಿಟೀಲಿಗಿಂತ ತುಸು ದೊಡ್ಡದಾದ ವಿಯೋಲಕ್ಕೆ, ಚೆಲ್ಲೋಗೆ ಓಡುತ್ತಿತ್ತು, ರೆಪ್ಪೆ ಬಡಿಯುತ್ತಿರಲಿಲ್ಲ. ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದಾನೆ ಎಂದುಕೊಂಡೆ. ಅವನನ್ನೇ ನೋಡುತ್ತ ನನಗೆ ಮುಕ್ತಾಯದ ಮಾತು ಹೇಳುವುದೇ ಮರೆತುಹೋಯಿತು. ಸುದ್ದಿ ಓದುವವರು ಕಾದು ಕಾದು ತಾವೇ ಶುರುಮಾಡಿಕೊಂಡರು.

ಚಪ್ಪಾಳೆ ನಿಂತ ಮೇಲೆ ಮೇಷ್ಟ್ರು ಕೆಳಗಿಳಿದು ಬಂದು ಅಪ್ಪನ ಕೈ ಹಿಡಿದುಕೊಂಡರು.

“ಹೇಗಿತ್ತು ಸಾರ್?”

“ಕಮಾನುಗಳೆಲ್ಲ ಒಟ್ಟಿಗೆ ಎದ್ದು ಒಟ್ಟಿಗೆ ಇಳಿದ್ವು. ಬಹಳ ಚೆನ್ನಾಗಿ ತಯಾರಿ ಮಾಡಿಸಿದೀರಿ” ಎಂದ ಅಪ್ಪ. ಮೇಷ್ಟ್ರ ಮುಖ ಅರಳಿತು.

ಜನರೆಲ್ಲ ಹೋದರು. ವಾದ್ಯದವರು ಪೆಟ್ಟಿಗೆ ಮುಚ್ಚಿಕೊಂಡು ಹೊರಟರು. ಅಪ್ಪ ಎದ್ದಿರಲಿಲ್ಲ. ನಾನು ಹೋಗಿ ಪಕ್ಕದ ಕುರ್ಚಿಯಲ್ಲಿ ಕೂತೆ. ಸ್ಟ್ಯಾಂಡುಗಳು ಅಲ್ಲಲ್ಲೇ ನಿಂತಿದ್ದವು.

“ಕೇಳಿದೆಯಲ್ಲಪ್ಪ, ಅಂತೂ” ಎಂದೆ.

ಅಪ್ಪ ಕಿವಿಯ ಮಷೀನನ್ನು ಮುಟ್ಟಿ ನೋಡಿಕೊಂಡ. “ನಿನಗೆ ಒಂದು ಹೇಳ್ಬೇಕು. ರೇಗಬೇಡ.”

“ಏನು?”

“ಮಾತು ಕೇಳಿಸುತ್ತೆ. ಹತ್ತಿರ ಕೂತು ಹೇಳಿದ್ರೆ ಎಲ್ಲಾ ಗೊತ್ತಾಗುತ್ತೆ. ಸಂಗೀತ ಮಾತ್ರ ಆಗಲ್ಲ ಕಣೇ. ಈ ಮಷೀನು ಹಾಕ್ಕೊಂಡ್ರೂ ಅಷ್ಟೇ. ಸ್ವರ ಯಾವುದು, ಶ್ರುತಿ ಯಾವುದು, ಒಂದೂ ತಿಳಿಯಲ್ಲ. ಪಾತ್ರೆಗಳೆಲ್ಲ ಒಟ್ಟಿಗೆ ಉರುಳಿದ ಹಾಗೆ ಬರೀ ಸದ್ದು.”

“ಯಾವತ್ತಿಂದ?”

“ಡಾಕ್ಟರ ಹತ್ರ ಹೋಗೋದಕ್ಕಿಂತ ಮುಂಚೇನೇ.”

“ಮತ್ತೆ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿನಗೆ? ನಾನು ಹುಚ್ಚಿ ಹಾಗೆ ಎಲ್ಲರ ಕಾಲು ಹಿಡ್ಕೊಂಡು ಓಡಾಡ್ತಿದ್ರೆ, ನೀನು ಹೂಂ ಹೂಂ ಅಂತ…”

“ಅದಕ್ಕೇ ಹೇಳ್ಲಿಲ್ಲ. ನೀನು ಅಷ್ಟು ಓಡಾಡ್ತಿದ್ದೆ. ನಿಮ್ಮಮ್ಮ ಹೋದ ಮೇಲೆ ನಿನ್ನ ಮುಖ ಹಾಗೆ ಕಂಡಿರ್ಲಿಲ್ಲ.”

ರೇಗಬೇಡ ಎಂದಿದ್ದ. ರೇಗಿದೆ. ಬಾಯಿಗೆ ಬಂದದ್ದೆಲ್ಲ ಅಂದೆ, ಅತ್ತೆ, ಮತ್ತೆ ಅಂದೆ. ತಡವಾಯಿತು, ನಾನೇ ತಡಮಾಡಿದೆ ಎಂದು ನನ್ನನ್ನೂ ಬೈದುಕೊಂಡೆ. ಅಪ್ಪ ನನ್ನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಸುಸ್ತಾಗುವವರೆಗೆ ಕಾದ. ಆಮೇಲೆ ಕೇಳಿದ.

“ನೀನು ಕೇಳಿದೆಯಲ್ಲ. ಹೇಳು. ಅದು ಚೆನ್ನಾಗಿದೆಯಾ?”

ಯಾವ ದಿನ, ಯಾವ ಹಾಲ್, ಎಷ್ಟು ಜನ, ಯಾರು ಎದ್ದುಹೋದರು ಇದನ್ನೆಲ್ಲ ಹೇಳಿ ಬದುಕಿದವಳು ನಾನು. ಸಂಗೀತ ಹೇಗಿತ್ತು ಎಂದು ಒಂದು ದಿನವೂ ಹೇಳಿದವಳಲ್ಲ. ತುಣುಕು ಹಾಕಿಬಿಟ್ಟರೆ ನನ್ನ ಕೆಲಸ ಮುಗಿಯುತ್ತಿತ್ತು. ಈಗ ಅಪ್ಪನಿಗೆ ತುಣುಕು ಹಾಕಿ ಪ್ರಯೋಜನವಿಲ್ಲ.

“ತುಂಬ ಚೆನ್ನಾಗಿತ್ತಪ್ಪ” ಎಂದೆ.

ಅಪ್ಪ ಸೋತ ಮುಖ ಮಾಡಿ ಹೂಂ ಎಂದ. ಅವನು ನನ್ನನ್ನು ನಂಬಲಿಲ್ಲ. ಮಗಳಲ್ಲವೇ, ಇನ್ನೇನು ಹೇಳುತ್ತಾಳೆ ಎಂದು ಅವನ ಕಣ್ಣಿನಲ್ಲೇ ಇತ್ತು. ಈಗ ಸುಳ್ಳು ಹೇಳಿದರೆ ಅವನು ಏನೂ ಗೊತ್ತಾಗದೆಯೇ ಹೋಗಿಬಿಡುತ್ತಾನೆ ಎಂದು ನನಗೆ ಭಯವಾಯಿತು. ಕುರ್ಚಿಯನ್ನು ಅವನ ಎದುರಿಗೆ ಎಳೆದುಕೊಂಡೆ. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತೆ.

“ಶುರು ಇದೆಯಲ್ಲ, ಎಲ್ಲರೂ ತಂತಿ ಮೀಟೋದು, ಅದು ನಿಂದಲ್ಲ. ಎಲ್ಲೋ ಕೇಳಿ ಎತ್ಕೊಂಡಿದೀಯ.”

ಅಪ್ಪನ ಹುಬ್ಬು ಮೇಲೇರಿತು. “ಆಗ ಎಲ್ಲರೂ ಹಾಗೇ ಬರೀತಿದ್ರು.”

“ಬರೀಲಿ. ನೀನೂ ಬರೀಬೇಕಿತ್ತಾ? ಆಮೇಲೆ ಮಧ್ಯ. ಅಯ್ಯೋ ಅಪ್ಪ, ಎಷ್ಟು ಎಳೀತೀಯ! ಹೇಳಿದ್ದನ್ನೇ ಚೆಲ್ಲೋದವರ ಕೈಲಿ ಹೇಳಿಸ್ತೀಯ, ಪಿಟೀಲಿನವರ ಕೈಲಿ ಹೇಳಿಸ್ತೀಯ. ಪೋಸ್ಟ್‌ಮ್ಯಾನ್ ಆಕಳಿಸಿದ, ನಾನು ನೋಡಿದೆ.”

“ಹೌದಾ?” ಎಂದ. ಈಗ ಅವನು ನೆಟ್ಟಗೆ ಕೂತಿದ್ದ.

“ಆಮೇಲೆ ಒಂದು ಕಡೆ ಒಬ್ಬೊಬ್ಬರೇ ನಿಲ್ಲಿಸ್ತಾರೆ. ಮೊದಲು ಚೆಲ್ಲೋ, ಆಮೇಲೆ ಹಿಂದಿನ ಸಾಲು, ಆಮೇಲೆ ಮುಂದಿನ ಸಾಲು. ಸಂಜೆ ಆಯ್ತು ಅಂತ ಮೆಟ್ಟಿಲಿಂದ ಒಬ್ಬೊಬ್ಬರೇ ಎದ್ದು ಮನೆಗೆ ಹೋಗ್ತಾ ಇದಾರೆ. ಕೊನೆಗೆ ಒಂದೇ ಒಂದು ವಿಯೋಲ ಉಳಿಯುತ್ತೆ. ಅದು ಒಂದೇ ಸ್ವರ ಹಿಡ್ಕೊಂಡು ಕೂತಿರುತ್ತೆ, ಜೋರೂ ಮಾಡಲ್ಲ, ಬಿಡೋದೂ ಇಲ್ಲ. ಯಾರೋ ಬರ್ತೀನಿ ಅಂದಿದಾರೆ, ಬರೋವರೆಗೂ ಏಳಲ್ಲ ಅನ್ನೋ ಹಾಗೆ. ನಾನು ಉಸಿರು ಬಿಡೋದು ಮರೆತೆ ಅಪ್ಪ. ಆ ಬಣ್ಣದ ತುಟಿ ಅಜ್ಜಿ ಪಕ್ಕದವರ ಕೈ ಹಿಡ್ಕೊಂಡ್ಲು, ಅವರ್ಯಾರೋ ಇವಳ್ಯಾರೋ. ಆಮೇಲೆ ಆ ಸ್ವರದ ಕೆಳಗೆ ಮಿಕ್ಕವರೆಲ್ಲ ಮೆಲ್ಲಗೆ ವಾಪಸ್ ಬರ್ತಾರೆ. ಯಾವಾಗ ಬಂದ್ರು ಅಂತಲೇ ಗೊತ್ತಾಗಲ್ಲ. ನೋಡಿದ್ರೆ ಎಲ್ಲರೂ ಇದಾರೆ. ಅಂಥದ್ದನ್ನ ನಾನು ಇನ್ನೆಲ್ಲೂ ಕೇಳಿಲ್ಲ. ಇಷ್ಟು ವರ್ಷ ಇದೇ ಕೆಲಸ ಮಾಡಿದೀನಿ, ಎಲ್ಲೂ ಕೇಳಿಲ್ಲ.”

ಅಪ್ಪ ಕೆನ್ನೆಯ ಮೇಲೆ ಇಳಿದದ್ದನ್ನು ಒರೆಸಿಕೊಳ್ಳಲಿಲ್ಲ. ಹಾಗೇ ನಕ್ಕ. ಆ ನಗು ಪೂರ್ತಿಯಾಗಿತ್ತು.

“ಮಧ್ಯ ಎಳೆದಿದೀನಿ ಅಂದೆಯಲ್ಲ, ಅದಕ್ಕೆ ನಂಬ್ತೀನಿ” ಎಂದ. “ಇನ್ನೊಂದು ಸಲ ಹೇಳು. ಆ ವಿಯೋಲ ಬರೋ ಕಡೆಯಿಂದ.”

ನಾನು ಕಣ್ಣೊರೆಸಿಕೊಂಡು, ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು, ಮತ್ತೆ ಹೇಳತೊಡಗಿದೆ.